ಟ್ರಾನ್ಸ್‌ಫಾರ್ಮರ್ ಹುಟ್ಟಿದ್ದು ಗೂಗಲ್‌ನಲ್ಲಿ, ವಿಎಸ್ ಕೋಡ್ ಇರುವುದು ಮೈಕ್ರೋಸಾಫ್ಟ್ ಕೈಯಲ್ಲಿ. ಆದರೂ ಎಐ ಸ್ಟಾರ್ಟಪ್‌ಗಳು ಮುಂದೆ ಹೋದದ್ದು ಹೇಗೆ?

ಹೇಮಾವತಿ_ತೀರ

ಈ ಪ್ರಶ್ನೆಗೆ ಎಲ್ಲೆಡೆ ಸಿಗುವ ಉತ್ತರ ಒಂದೇ: ದೊಡ್ಡ ಕಂಪನಿಗಳಿಗೆ ಜಡ್ಡು ಹಿಡಿದಿದೆ, ಸ್ಟಾರ್ಟಪ್‌ಗಳು ಚುರುಕಾಗಿವೆ. ಇದರಿಂದ ಏನೂ ತಿಳಿಯುವುದಿಲ್ಲ. ಇಂದಿನ ಭಾಷಾ ಮಾದರಿಗಳಿಗೆ ಬುನಾದಿಯಾದ ಟ್ರಾನ್ಸ್‌ಫಾರ್ಮರ್ ರಚನೆಯ 2017ರ ಪ್ರಬಂಧ ಬರೆದ ಎಂಟು ಮಂದಿ ಆ ಕೆಲಸ ಮಾಡಿದ್ದು ಗೂಗಲ್‌ನಲ್ಲಿದ್ದಾಗ. ಆಮೇಲೆ ಒಬ್ಬೊಬ್ಬರಾಗಿ ಎಂಟೂ ಜನ ಹೊರನಡೆದರು. 2022ರ ಏಪ್ರಿಲ್‌ನಲ್ಲೇ ಗೂಗಲ್ 6,144 ಟಿಪಿಯು ಚಿಪ್‌ಗಳ (ಎಐಗೆಂದೇ ಗೂಗಲ್ ಮಾಡಿಕೊಂಡ ಚಿಪ್) ಮೇಲೆ ತರಬೇತಿ ಕೊಟ್ಟ, 540 ಶತಕೋಟಿ ಪ್ಯಾರಾಮೀಟರ್‌ಗಳ ಪಾಮ್ ಎಂಬ ಭಾಷಾ ಮಾದರಿಯನ್ನು ತೋರಿಸಿತ್ತು. ಅದೇ ವರ್ಷದ ನವೆಂಬರ್ 30ಕ್ಕೆ ಓಪನ್‌ಎಐ ಎಂಬ ಸ್ಟಾರ್ಟಪ್‌ನ ಚಾಟ್‌ಜಿಪಿಟಿ ಬಂತು, ಜನ ಮಾತಾಡಿದ್ದು ಅದರ ಬಗ್ಗೆ.

ಹಣ, ಚಿಪ್, ವಿದ್ವಾಂಸರು ಎಲ್ಲ ಇದ್ದವರಿಗೆ ಸಮಯ ಸೋರಿಹೋಗುವುದು ಯಾವ ಹಂತದಲ್ಲಿ? ಒಳಗಿನ ಕೆಲಸ ಗೊತ್ತಿರುವವರು ವಿವರವಾಗಿ ಬರೆಯಿರಿ. ಯಾವ ಕಂಪನಿ ಗೆಲ್ಲುತ್ತದೆ ಎಂಬ ಭವಿಷ್ಯ ಇಲ್ಲಿ ಬೇಡ.

ಕರಾವಳಿ_ಕರ್ನಲ್

ಎಲ್ಲ ಕಂಪನಿಗಳನ್ನೂ ಒಟ್ಟಿಗೆ ಎಳೆದುಕೊಂಡರೆ ಮಾತು ತೇಲಿಹೋಗುತ್ತದೆ. ಒಂದೇ ಉತ್ಪನ್ನ ತೆಗೆದುಕೊಳ್ಳೋಣ, ಕೋಡ್ ಎಡಿಟರ್.

ಕೋಡ್ ಬರೆಯಲು ನೆರವಾಗುವ ಗಿಟ್‌ಹಬ್ ಕೋಪೈಲಟ್‌ನ ಪ್ರಾಯೋಗಿಕ ಆವೃತ್ತಿ ಬಂದದ್ದು 2021ರ ಜೂನ್‌ನಲ್ಲಿ, ಚಾಟ್‌ಜಿಪಿಟಿಗಿಂತ ಹೆಚ್ಚುಕಡಿಮೆ ಒಂದೂವರೆ ವರ್ಷ ಮೊದಲು. 2022ರ ಜೂನ್‌ನಿಂದ ತಿಂಗಳಿಗೆ 10 ಡಾಲರ್‌ಗೆ ಮಾರಾಟಕ್ಕೂ ಬಂತು. ವಿಎಸ್ ಕೋಡ್ ಎಂಬ ಎಡಿಟರ್ ಮೈಕ್ರೋಸಾಫ್ಟ್‌ನದು, ಗಿಟ್‌ಹಬ್ ಅದರದೇ, ಓಪನ್‌ಎಐನಲ್ಲಿ 2019ರಿಂದ ಅದರ ದುಡ್ಡಿದೆ. ಇಷ್ಟೆಲ್ಲ ಇದ್ದರೂ, 2022ರಲ್ಲಿ ಹುಟ್ಟಿದ ಎನಿಸ್ಫಿಯರ್ ಎಂಬ ಪುಟ್ಟ ಕಂಪನಿ ವಿಎಸ್ ಕೋಡ್‌ನ ಮುಕ್ತ ಆಕರವನ್ನೇ ಫೋರ್ಕ್ ಮಾಡಿ, ಅಂದರೆ ನಕಲು ತೆಗೆದು ತನ್ನಂತೆ ತಿದ್ದಿ, ಕರ್ಸರ್ ಎಂಬ ಎಡಿಟರ್ ಕಟ್ಟಿತು. 2025ರ ನವೆಂಬರ್ ಹೊತ್ತಿಗೆ ಹೂಡಿಕೆದಾರರು ಆ ಕಂಪನಿಗೆ ಹಾಕಿದ ಬೆಲೆ 29.3 ಶತಕೋಟಿ ಡಾಲರ್.

ವ್ಯತ್ಯಾಸ ಶುರುವಾಗುವುದು ಎಕ್ಸ್‌ಟೆನ್ಷನ್ (ಎಡಿಟರ್‌ಗೆ ಹೊರಗಿನಿಂದ ಜೋಡಿಸುವ ತುಂಡು) ಎಂಬ ಗೆರೆಯಿಂದ. ಕೋಪೈಲಟ್ ಕೂತಿದ್ದು ಎಡಿಟರ್ ಒಳಗಿನ ಎಕ್ಸ್‌ಟೆನ್ಷನ್ ಆಗಿ. ಎಕ್ಸ್‌ಟೆನ್ಷನ್‌ಗೆ ಎಡಿಟರ್ ಕೊಡುವ ಬಾಗಿಲು ಕೆಲವೇ: ಟೈಪ್ ಮಾಡುತ್ತಿರುವ ಜಾಗದಲ್ಲಿ ಬೂದು ಬಣ್ಣದ ಅಕ್ಷರ ತೋರಿಸಬಹುದು, ಪಕ್ಕದಲ್ಲಿ ಒಂದು ಫಲಕ ತೆರೆಯಬಹುದು, ಕಡತ ತಿದ್ದಬಹುದು. ಆದರೆ ನಿಜವಾಗಿ ಕೋಡ್ ಬರೆಯುವಾಗ ಬೇಕಾಗುವುದು ಬೇರೆ. ಒಂದು ಫಂಕ್ಷನ್‌ನ ಹೆಸರು ಬದಲಿಸಿದೆವು ಅಂದುಕೊಳ್ಳಿ. ಮುಂದಿನ ತಿದ್ದುಪಡಿ 40 ಸಾಲು ಕೆಳಗಿದೆ, ಅಲ್ಲಿ ಎರಡು ಪದ ಅಳಿಸಿ ಒಂದು ಸೇರಿಸಬೇಕು. ಅದನ್ನು ಕೆಂಪು-ಹಸಿರಿನಲ್ಲಿ ತೋರಿಸಿ, ಟ್ಯಾಬ್ ಒತ್ತಿದಾಗ ಅಲ್ಲಿಗೆ ಜಿಗಿಯಬೇಕು. ಬೂದು ಅಕ್ಷರದ ಬಾಗಿಲಿನಿಂದ ಇದು ಆಗದು, ಎಡಿಟರ್‌ನ ಚಿತ್ರಣ ಪದರವನ್ನೇ ಮುಟ್ಟಬೇಕು. ಫೋರ್ಕ್ ಮಾಡಿದವರು ಮುಟ್ಟಿದರು. ಕೋಪೈಲಟ್‌ಗೆ ಇದೇ ಸೌಲಭ್ಯ ಪ್ರಾಯೋಗಿಕವಾಗಿ ಬಂದದ್ದು 2025ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಕರ್ಸರ್ ಬಳಸುವವರಿಗೆ ಟ್ಯಾಬ್ ಒತ್ತಿ ಒತ್ತಿ ಬೆರಳಿಗೇ ಅಭ್ಯಾಸವಾಗಿತ್ತು.

ಧಾರವಾಡದಾವ

ಒಂದ್ ಮಾತ ಕೇಳ್ತೀನ್ರಿ. ಎಡಿಟರ್ ಅವರದ, ನೀವು ಹೇಳಿದ ಬಾಗಿಲು ಅಂದ್ರ ಎಪಿಐನೂ ಅವರದ. ಬೇಕಂದ್ರ ತಾವ ತಮ್ಮ ಎಡಿಟರ್ ತಿದ್ದಬಹುದಿತ್ತಲ್ರಿ. ಯಾಕ ತಿದ್ದಲಿಲ್ಲ?

ಕರಾವಳಿ_ಕರ್ನಲ್

ಅವರಿಗೆ ದಾರಿ ಇತ್ತು. ವಿಎಸ್ ಕೋಡ್‌ನಲ್ಲಿ ಪ್ರಸ್ತಾವಿತ ಎಪಿಐ (ಇನ್ನೂ ಅಂತಿಮವಾಗದ ಬಾಗಿಲು) ಎಂಬ ವರ್ಗವಿದೆ. ಹೊರಗಿನ ಎಕ್ಸ್‌ಟೆನ್ಷನ್‌ಗಳು ಅದನ್ನು ಬಳಸಿ ಮಾರ್ಕೆಟ್‌ಪ್ಲೇಸ್‌ನಲ್ಲಿ (ಎಕ್ಸ್‌ಟೆನ್ಷನ್‌ಗಳ ಅಂಗಡಿ) ಪ್ರಕಟಿಸುವಂತಿಲ್ಲ, ಕೋಪೈಲಟ್ ಬಳಸಬಹುದು. ಆದರೆ ಎಡಿಟರ್‌ನ ತಿರುಳಿಗೆ ಕೈಹಾಕಿದರೆ ಅದು ಎಐ ಬೇಡ ಎನ್ನುವವರಿಗೂ ಹೋಗಿ ತಲುಪುತ್ತದೆ. ಪೈಥಾನ್ ಕಲಿಯುವ ವಿದ್ಯಾರ್ಥಿ, ರಿಮೋಟ್ ಸರ್ವರ್‌ನಲ್ಲಿ ಕೆಲಸ ಮಾಡುವವರು, ಕಣ್ಣು ಕಾಣದೆ ಸ್ಕ್ರೀನ್ ರೀಡರ್ ಹಾಕಿಕೊಂಡು ಕೋಡ್ ಬರೆಯುವವರು ಎಲ್ಲರೂ ಅದೇ ಎಡಿಟರ್ ಮೇಲೆ ಕೂತಿದ್ದಾರೆ. ಬದಲಾವಣೆ ಬಿಡುಗಡೆಯ ಲಯಕ್ಕೆ ಹೊಂದಬೇಕು, ಸಾವಿರಾರು ಎಕ್ಸ್‌ಟೆನ್ಷನ್‌ಗಳು ಒಡೆಯಬಾರದು. ಕರ್ಸರ್‌ಗೆ ಈ ಹೊರೆ ಇರಲಿಲ್ಲ, ಎಐ ಬೇಡದವರು ಅದನ್ನು ಇಳಿಸಿಕೊಳ್ಳುವುದೇ ಇಲ್ಲ.

ಫೋರ್ಕ್ ಮಾಡಿದವರೂ ದಂಡ ತೆತ್ತರು. ಮೈಕ್ರೋಸಾಫ್ಟ್‌ನ ಮಾರ್ಕೆಟ್‌ಪ್ಲೇಸ್ ಬಳಸಲು ಫೋರ್ಕ್‌ಗಳಿಗೆ ಪರವಾನಗಿ ಇಲ್ಲ. 2025ರ ಏಪ್ರಿಲ್‌ನಲ್ಲಿ ಸಿ, ಸಿ++ ಎಕ್ಸ್‌ಟೆನ್ಷನ್ ಫೋರ್ಕ್‌ಗಳಲ್ಲಿ ನಿಂತೇಹೋಯಿತು. ಮೂಲದ ಹೊಸ ಆವೃತ್ತಿಯನ್ನು ಆಗಾಗ ತಂದು ಬೆಸೆಯಬೇಕು. ಎಷ್ಟು ಆಳವಾಗಿ ತಿದ್ದಿದ್ದೀರೋ ಬೆಸುಗೆ ಅಷ್ಟು ಕಷ್ಟ.

ಸಂಜೆಮಲ್ಲಿಗೆ

ಎಪಿಐ ಗೆರೆಗಿಂತ ದೊಡ್ಡ ವಿಳಂಬ ಮಾದರಿ ಬದಲಿಸುವುದರಲ್ಲಿತ್ತು ಅನ್ನುವುದು ನನ್ನ ಅಭಿಪ್ರಾಯ. ಆಂಥ್ರಾಪಿಕ್ ಕಂಪನಿಯ ಕ್ಲಾಡ್ 3.5 ಸಾನೆಟ್ ಮಾದರಿ ಬಂದದ್ದು 2024ರ ಜೂನ್ 20ಕ್ಕೆ. ಕೋಡ್ ಬರೆಯುವುದರಲ್ಲಿ ಅದು ಮುಂದಿದೆ ಎಂದು ಬಳಕೆದಾರರಿಗೆ ಕೆಲವೇ ದಿನಗಳಲ್ಲಿ ತಿಳಿಯಿತು. ಕರ್ಸರ್‌ನಲ್ಲಿ ಅದು ಬೇಗನೆ ಸಿಕ್ಕಿತು. ಓಪನ್‌ಎಐ ಮಾದರಿಗಳಷ್ಟೇ ಇದ್ದ ಕೋಪೈಲಟ್‌ಗೆ ಕ್ಲಾಡ್, ಗೂಗಲ್‌ನ ಜೆಮಿನಿ ಬರುತ್ತವೆ ಎಂಬ ಘೋಷಣೆ ಬಂದದ್ದು ಅಕ್ಟೋಬರ್ 29ಕ್ಕೆ. ನಾಲ್ಕು ತಿಂಗಳು.

ದೊಡ್ಡ ಕಂಪನಿಯೊಂದರಲ್ಲಿ ಹೊರಗಿನ ಹೊಸ ಮಾದರಿ ಸೇರಿಸಲು ಸಾಮಾನ್ಯವಾಗಿ ಏನೇನು ನಡೆಯುತ್ತದೆ ನೋಡಿ. ಮೊದಲು ಪೂರೈಕೆದಾರರ ನೋಂದಣಿ, ಜೊತೆಗೆ ದತ್ತಾಂಶ ಸಂಸ್ಕರಣಾ ಒಪ್ಪಂದ. ಗ್ರಾಹಕರ ಕೋಡನ್ನು ತರಬೇತಿಗೆ ಬಳಸುವುದಿಲ್ಲ, ಇಷ್ಟು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ ಎಂಬ ಎರಡು ಷರತ್ತಿಗೇ ವಕೀಲರ ನಡುವೆ ಕರಡು ನಾಲ್ಕಾರು ಸಲ ಓಡಾಡುತ್ತದೆ. ಆಮೇಲೆ ಯುರೋಪಿನ ಗ್ರಾಹಕರ ದತ್ತಾಂಶ ಯುರೋಪಿನಲ್ಲೇ ಉಳಿಯುತ್ತದೆಯೇ ಎಂಬ ಪ್ರಶ್ನೆ. ಹೊಸ ಮಾದರಿ ಆ ವಲಯದ ಡೇಟಾಸೆಂಟರ್‌ಗೆ ಇನ್ನೂ ಬಂದಿರದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಭದ್ರತಾ ತಂಡದ ಬೆದರಿಕೆ ವಿಶ್ಲೇಷಣೆ, ರೆಡ್ ಟೀಮ್ ಪರೀಕ್ಷೆ (ಬೇಕೆಂದೇ ದಾಳಿ ಮಾಡಿ ನೋಡುವುದು), ಹಳೇ ಮಾದರಿಗೆಂದು ಬರೆದ ಪ್ರಾಂಪ್ಟ್‌ಗಳ (ಮಾದರಿಗೆ ಕೊಡುವ ಸೂಚನೆ) ಮರುಪರೀಕ್ಷೆ, ಬೆಲೆ, ಸಹಾಯವಾಣಿಯವರಿಗೆ ತರಬೇತಿ, ದಾಖಲೆಗಳ ಅನುವಾದ.

ಇದರಲ್ಲಿ ಯಾವುದೂ ಅನಗತ್ಯವಲ್ಲ. ತೊಂದರೆ ಇರುವುದು ಸಾಲಿನಲ್ಲಿ. ಕಾನೂನಿನವರು ಸಹಿ ಹಾಕದೆ ಭದ್ರತೆಯವರು ಶುರು ಮಾಡುವುದಿಲ್ಲ, ಭದ್ರತೆಯವರು ಮುಗಿಸದೆ ನಿಜವಾದ ಗ್ರಾಹಕ ದತ್ತಾಂಶದ ಮೇಲೆ ಪರೀಕ್ಷೆ ಮಾಡುವಂತಿಲ್ಲ. ಒಂದೊಂದು ತಂಡದ ಕೈಯಲ್ಲಿ ನಿಜವಾದ ಕೆಲಸ ಎರಡು ಮೂರು ದಿನದ್ದು, ಸರದಿಯಲ್ಲಿ ಕಾಯುವುದು ಮೂರು ವಾರ.

ಸ್ಟಾರ್ಟಪ್‌ನಲ್ಲಿ ಇದೇ ಕೆಲಸ: ಸಂರಚನಾ ಕಡತದಲ್ಲಿ ಮಾದರಿಯ ಹೆಸರು ಬದಲಿಸು, ಕೈಯಲ್ಲಿರುವ ಇನ್ನೂರು ಪರೀಕ್ಷಾ ಪ್ರಕರಣ ಓಡಿಸು, ನೂರಕ್ಕೆ ಐದು ಬಳಕೆದಾರರಿಗೆ ಬಿಡು, ಸಲಹೆಗಳನ್ನು ಅವರು ಸ್ವೀಕರಿಸುವ ದರ ಬೀಳದಿದ್ದರೆ ಮರುದಿನ ಎಲ್ಲರಿಗೂ ಬಿಡು.

ಲಾಗ್‌ಫೈಲ್

ಮೇಡಂ ಹೇಳಿದ್ದು ಸರಿ, ಒಂದು ಸೇರ್ಪಡೆ. ಬ್ಯಾಂಕಿಗೆ ಮಾರಲು ಹೊರಟ ದಿನ ಸ್ಟಾರ್ಟಪ್‌ನ ಈ ವೇಗಕ್ಕೂ ಕಡಿವಾಣ ಬೀಳುತ್ತದೆ. ಅಲ್ಲಿ ಕೇಳುವ ಎಸ್‌ಒಸಿ 2 ಟೈಪ್ 2 ಎಂಬ ಭದ್ರತಾ ತಪಾಸಣೆಯ ವರದಿಗೆ ಮೂರರಿಂದ ಹನ್ನೆರಡು ತಿಂಗಳ ಅವಲೋಕನ ಅವಧಿ ಬೇಕು, ಅದನ್ನು ದುಡ್ಡು ಕೊಟ್ಟು ಚಿಕ್ಕದು ಮಾಡಲಾಗದು. ಆದ್ದರಿಂದ ಮೊದಲ ಗ್ರಾಹಕರಾಗಿ ಬಿಡಿ ಡೆವಲಪರ್‌ಗಳನ್ನು ಹಿಡಿಯುತ್ತಾರೆ. ಅವರು ಸ್ವಂತ ಕಾರ್ಡ್‌ನಿಂದ ಕಟ್ಟುತ್ತಾರೆ, ಖರೀದಿ ವಿಭಾಗ ನಡುವೆ ಬರುವುದಿಲ್ಲ. ದೊಡ್ಡ ಕಂಪನಿಯ ಮಾರಾಟಗಾರರ ಬೋನಸ್ ನಿಂತಿರುವುದು ವಾರ್ಷಿಕ ಒಪ್ಪಂದಗಳ ಮೇಲೆ. ತಿಂಗಳಿಗೆ 20 ಡಾಲರ್ ಕೊಡುವ ಒಬ್ಬನ ಹಿಂದೆ ಅವರು ಹೋಗುವುದಿಲ್ಲ.

ಈಗ ಲೆಕ್ಕ. ಹಳೇ ಸಾಫ್ಟ್‌ವೇರ್‌ನಲ್ಲಿ ಇನ್ನೊಬ್ಬ ಬಳಕೆದಾರ ಬಂದರೆ ಬೀಳುವ ಖರ್ಚು ಹೆಚ್ಚುಕಡಿಮೆ ಸೊನ್ನೆ. ಸೀಟಿಗಿಷ್ಟು ಎಂಬ ಬೆಲೆ ಹುಟ್ಟಿದ್ದೇ ಆ ನಂಬಿಕೆಯ ಮೇಲೆ. ತಾನೇ ಹಂತ ಹಂತವಾಗಿ ಕೆಲಸ ಮುಗಿಸುವ ಎಐ, ಅಂದರೆ ಏಜೆಂಟ್ ವಿಷಯದಲ್ಲಿ ಅದು ನಿಲ್ಲುವುದಿಲ್ಲ.

ಉದಾಹರಣೆಗೆ ಒಂದು ಬಗ್ ಸರಿಪಡಿಸುವ ಕೆಲಸ. ಏಜೆಂಟ್ ಮಾದರಿಯನ್ನು 40 ಬಾರಿ ಕರೆಯುತ್ತದೆ ಎಂದಿಟ್ಟುಕೊಳ್ಳಿ: ಕಡತ ಓದು, ಹುಡುಕು, ತಿದ್ದು, ಟೆಸ್ಟ್ ಓಡಿಸು, ಮತ್ತೆ ಓದು. ಪ್ರತಿ ಕರೆಯಲ್ಲೂ ಹಿಂದಿನದ್ದೆಲ್ಲ ಮತ್ತೆ ಹೋಗುತ್ತದೆ. ಸರಾಸರಿ 40 ಸಾವಿರ ಟೋಕನ್ (ಮಾದರಿ ಪಠ್ಯವನ್ನು ಎಣಿಸುವ ತುಂಡು) ಅಂದರೆ ಒಟ್ಟು 16 ಲಕ್ಷ ಟೋಕನ್ ಒಳಕ್ಕೆ. 2025ರಲ್ಲಿ ಕ್ಲಾಡ್ ಸಾನೆಟ್ 4ರ ಪ್ರಕಟಿತ ದರ ಒಳಕ್ಕೆ ಹತ್ತು ಲಕ್ಷಕ್ಕೆ 3 ಡಾಲರ್, ಹೊರಕ್ಕೆ 15 ಇತ್ತು. ಒಳಕ್ಕೆ 4.80 ಡಾಲರ್ ಆಯಿತು. ಕರೆಗೆ 600 ಟೋಕನ್‌ನಂತೆ ಹೊರಕ್ಕೆ 24 ಸಾವಿರ, 0.36 ಡಾಲರ್. ಒಟ್ಟು 5.16. ತಿಂಗಳ ಚಂದಾ 10 ಡಾಲರ್ ಆಗಿದ್ದರೆ ಎರಡೇ ಬಗ್‌ಗೆ ಖಾಲಿ.

ಪ್ರಾಂಪ್ಟ್ ಕ್ಯಾಷ್, ಅಂದರೆ ಒಮ್ಮೆ ಕಳಿಸಿದ್ದನ್ನು ಪೂರೈಕೆದಾರರು ನೆನಪಿಟ್ಟುಕೊಳ್ಳುವ ವ್ಯವಸ್ಥೆ, ಬಳಸಿದರೆ ಚಿತ್ರ ಬೇರೆ. ಕ್ಯಾಷ್‌ನಿಂದ ಓದಿದ ಟೋಕನ್‌ಗೆ ಹತ್ತನೇ ಒಂದು ಭಾಗದ ದರ, 0.30 ಡಾಲರ್, ಬರೆಯಲು ಕಾಲುಭಾಗ ಹೆಚ್ಚು, 3.75. ನೂರಕ್ಕೆ 90 ಭಾಗ ಕ್ಯಾಷ್‌ನಿಂದ ಸಿಕ್ಕರೆ 0.43 ಮತ್ತು 0.60, ಜೊತೆಗೆ ಹೊರಕ್ಕಿನ 0.36. ಸುಮಾರು 1.39 ಡಾಲರ್. ಅದೇ ಚಂದಾದಲ್ಲಿ ಏಳು ಬಗ್.

ಕ್ಯಾಷ್ ಕೆಲಸ ಮಾಡುವುದು ಪ್ರಾಂಪ್ಟ್‌ನ ಮುಂಭಾಗ ಅಕ್ಷರಕ್ಕಕ್ಷರ ಒಂದೇ ಇದ್ದಾಗ ಮಾತ್ರ. ಆರಂಭದಲ್ಲೇ ದಿನಾಂಕ-ಸಮಯ ಹಾಕಿದರೆ ಮುಗಿಯಿತು, ಕೆಳಗಿನದ್ದೆಲ್ಲ ಪೂರ್ಣ ದರಕ್ಕೆ. ದೊಡ್ಡ ಉತ್ಪನ್ನಗಳಲ್ಲಿ ಇದು ಸುಲಭವಾಗಿ ಕೆಡುತ್ತದೆ. ಸಿಸ್ಟಮ್ ಪ್ರಾಂಪ್ಟ್‌ಗೆ (ಪ್ರತಿ ಕರೆಯ ಆರಂಭದಲ್ಲಿ ಹೋಗುವ ಸೂಚನೆ) ಕಾನೂನು ತಂಡದ ಎರಡು ಪ್ಯಾರಾ, ಪ್ರಾದೇಶಿಕ ನೀತಿಯ ಒಂದು ತುಂಡು, ಪ್ರಯೋಗ ನಡೆಸುವವರ ಗುರುತು ಸಂಖ್ಯೆ, ಬಳಕೆದಾರರ ಹೆಸರು ಒಂದೊಂದೂ ಬೇರೆ ಬೇರೆ ತಂಡದಿಂದ ಬಂದು ಸೇರುತ್ತವೆ. ಅದರಲ್ಲಿ ಬದಲಾಗುವ ತುಂಡು ಮೇಲ್ಗಡೆ ಕೂತರೆ ಬಿಲ್ ಮೂರು ನಾಲ್ಕು ಪಟ್ಟು. ಟೂಲ್‌ಗಳ ಪಟ್ಟಿಯ ಕ್ರಮ ಪ್ರತಿ ಬಾರಿ ಬದಲಾದರೂ ಇದೇ ಗತಿ. ಬದಲಾಗದ್ದು ಮೇಲೆ, ಬದಲಾಗುವುದು ಕೊನೆಗೆ: ನಿಯಮ ಇಷ್ಟೇ. ಅದನ್ನು ಕಾಯಲು ಇಡೀ ಪ್ರಾಂಪ್ಟ್‌ಗೆ ಒಬ್ಬ ಯಜಮಾನ ಬೇಕು. ಸ್ಟಾರ್ಟಪ್‌ನಲ್ಲಿ ಅವನಿರುತ್ತಾನೆ.

ಧಾರವಾಡದಾವ

ಲೆಕ್ಕ ಛಲೋ ಐತ್ರಿ. ಆದ್ರ ಸ್ಟಾರ್ಟಪ್‌ನವ್ರಿಗೂ ಇದ ಖರ್ಚು ಬೀಳತದಲ್ಲ? ಅವ್ರು ಹೆಂಗ ತಡ್ಕೋತಾರ?

ಲಾಗ್‌ಫೈಲ್

ಹೂಡಿಕೆದಾರರ ದುಡ್ಡಿನಲ್ಲಿ, ಸ್ವಲ್ಪ ಕಾಲ. 2025ರ ಜೂನ್‌ನಲ್ಲಿ ಕರ್ಸರ್ ತನ್ನ 20 ಡಾಲರ್ ಯೋಜನೆಯನ್ನು ಬಳಕೆಗೆ ತಕ್ಕ ಲೆಕ್ಕಕ್ಕೆ ತಿರುಗಿಸಿತು. ಬಳಕೆದಾರರು ಸಿಟ್ಟಾದರು. ಜುಲೈ ಮೊದಲ ವಾರದಲ್ಲಿ ಕಂಪನಿ ಕ್ಷಮೆ ಕೇಳಿ, ಅನಿರೀಕ್ಷಿತ ಬಿಲ್ ಬಂದವರಿಗೆ ಹಣ ವಾಪಸ್ ಕೊಡುವುದಾಗಿ ಹೇಳಿತು. ಕೋಪೈಲಟ್ ಕೂಡ ಅದೇ ಜೂನ್‌ನಲ್ಲಿ ದುಬಾರಿ ಮಾದರಿಗಳ ಕೋರಿಕೆಗಳಿಗೆ ತಿಂಗಳ ಮಿತಿ ಜಾರಿಗೆ ತಂದಿತು. ಷೇರುಪೇಟೆಯ ಪಟ್ಟಿಯಲ್ಲಿರುವ ದೊಡ್ಡ ಕಂಪನಿಗೆ ಮೂರು ತಿಂಗಳಿಗೊಮ್ಮೆ ಲಾಭದ ಪ್ರಮಾಣ ತೋರಿಸುವ ಕಟ್ಟುಪಾಡಿದೆ. ಖಾಸಗಿ ಸ್ಟಾರ್ಟಪ್‌ಗೆ ಇಲ್ಲ. ಆ ಸ್ವಲ್ಪ ಕಾಲದ ಅವಕಾಶದಲ್ಲಿ ಅದು ಬಳಕೆದಾರರನ್ನು ಕಟ್ಟಿಕೊಳ್ಳುತ್ತದೆ.

ಕಟ್ಟೆಪುರಾಣ

ಗೂಗಲ್ ವಿಷಯಕ್ಕೆ ಬರುತ್ತೇನೆ, ಮೂಲ ಪ್ರಶ್ನೆ ಅದೇ ಆಗಿತ್ತು.

2022ರಲ್ಲಿ ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಆದಾಯ ಸುಮಾರು 283 ಶತಕೋಟಿ ಡಾಲರ್. ಅದರಲ್ಲಿ 162 ಶತಕೋಟಿ ಹುಡುಕಾಟದ ಜಾಹೀರಾತಿನದ್ದು. ಹುಡುಕಾಟದಲ್ಲಿ ಹತ್ತು ಕೊಂಡಿ ತೋರಿಸಿ, ಮೇಲೆ ಜಾಹೀರಾತು ಇಡಬಹುದು. ಒಂದೇ ಪ್ಯಾರಾದ ನೇರ ಉತ್ತರ ಕೊಟ್ಟರೆ ಒತ್ತಲು ಕೊಂಡಿಯೇ ಇಲ್ಲ. ಜೊತೆಗೆ ಖರ್ಚು: ಭಾಷಾ ಮಾದರಿಯ ಒಂದು ಉತ್ತರ ಸಾಮಾನ್ಯ ಹುಡುಕಾಟದ ಹತ್ತು ಪಟ್ಟು ಬೀಳಬಹುದು ಎಂದು ಆಲ್ಫಾಬೆಟ್ ಅಧ್ಯಕ್ಷ ಜಾನ್ ಹೆನ್ನೆಸಿ 2023ರ ಫೆಬ್ರವರಿಯಲ್ಲಿ ಹೇಳಿದ್ದರು. ಆದಾಯ ಇಳಿಸುವ, ಖರ್ಚು ಏರಿಸುವ ವಸ್ತುವನ್ನು ತಾನಾಗಿಯೇ ಮೊದಲು ಬಿಡುಗಡೆ ಮಾಡು ಎಂದು ಯಾವ ಆಡಳಿತ ಮಂಡಳಿಗೆ ಹೇಳುವುದು?

ಹೆಸರು ಕೆಡುವ ಅಪಾಯವೂ ನಿಜವಾದದ್ದು. 2023ರ ಫೆಬ್ರವರಿ 6ಕ್ಕೆ ಗೂಗಲ್ ತನ್ನ ಚಾಟ್‌ಬಾಟ್ ಬಾರ್ಡ್ ಘೋಷಿಸಿದಾಗ ಪ್ರಚಾರದ ಉದಾಹರಣೆಯಲ್ಲೇ ತಪ್ಪಿತ್ತು. ಸೌರಮಂಡಲದ ಹೊರಗಿನ ಗ್ರಹದ ಮೊದಲ ಚಿತ್ರ ತೆಗೆದದ್ದು ಜೇಮ್ಸ್ ವೆಬ್ ದೂರದರ್ಶಕ ಎಂದು ಅದು ಹೇಳಿತು. ಆ ಚಿತ್ರ ವರ್ಷಗಳ ಹಿಂದೆಯೇ ಬೇರೆ ದೂರದರ್ಶಕದಿಂದ ಬಂದಿತ್ತು. ಎರಡು ದಿನದ ನಂತರ, ಒಂದೇ ದಿನದ ವಹಿವಾಟಿನಲ್ಲಿ ಆಲ್ಫಾಬೆಟ್ ಮೌಲ್ಯ ಸುಮಾರು 100 ಶತಕೋಟಿ ಡಾಲರ್ ಕುಸಿಯಿತು. ಅಂಥದ್ದೇ ತಪ್ಪನ್ನು ಚಾಟ್‌ಜಿಪಿಟಿ ದಿನಕ್ಕೆ ಎಷ್ಟು ಬಾರಿ ಮಾಡುತ್ತಿತ್ತೋ, ಅದರಿಂದ ಯಾರ ಷೇರೂ ಬೀಳಲಿಲ್ಲ.

ಮೂರನೆಯದು ಎರಡು ಮನೆ. ಗೂಗಲ್‌ನ ಎಐ ಸಂಶೋಧನಾ ತಂಡಗಳಾದ ಬ್ರೈನ್ ಮತ್ತು ಡೀಪ್‌ಮೈಂಡ್ ಎರಡೂ ಬೇರೆ ಬೇರೆಯಾಗಿ ಭಾಷಾ ಮಾದರಿ ಕಟ್ಟುತ್ತಿದ್ದವು, ಚಿಪ್‌ಗಳೂ ಜನರೂ ಹಂಚಿಹೋಗಿದ್ದರು. ಎರಡನ್ನೂ ಸೇರಿಸಿದ್ದು 2023ರ ಏಪ್ರಿಲ್‌ನಲ್ಲಿ, ಮೊದಲ ಜೆಮಿನಿ ಬಂದದ್ದು ಆ ಡಿಸೆಂಬರ್‌ನಲ್ಲಿ. ಎಂಟು ತಿಂಗಳು, ಅಷ್ಟು ದೊಡ್ಡ ಸಂಸ್ಥೆಗೆ ಇದು ನಿಧಾನವೇನೂ ಅಲ್ಲ. ಇದೇ ಕಾರಣಕ್ಕೆ, ಗೂಗಲ್‌ನಲ್ಲಿ ಕಳೆದುಹೋದ ಸಮಯವೆಲ್ಲ ತೀರ್ಮಾನಕ್ಕೆ ಮುಂಚಿನದ್ದು ಎನ್ನುತ್ತೇನೆ. ತೀರ್ಮಾನ ಆದ ಮೇಲೆ 2015ರಿಂದ ಬಳಸುತ್ತಿದ್ದ ಸ್ವಂತ ಚಿಪ್ ಕೈಹಿಡಿಯಿತು. 2025ರ ನವೆಂಬರ್‌ನಲ್ಲಿ ಜೆಮಿನಿ 3 ಬಂದ ಮೇಲೆ, ಡಿಸೆಂಬರ್‌ನಲ್ಲಿ 'ಕೋಡ್ ರೆಡ್' (ಒಳಗಿನ ತುರ್ತುಸ್ಥಿತಿ) ಸಾರುವ ಸರದಿ ಓಪನ್‌ಎಐನದಾಯಿತು.

ಸಂಜೆಮಲ್ಲಿಗೆ

ಕಟ್ಟೆಪುರಾಣ ಸರ್, ತೀರ್ಮಾನ ಆದರೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಧ್ವನಿ ಸಹಾಯಕಗಳನ್ನು ನೋಡಿ. ಅಮೆಜಾನ್‌ನ ಅಲೆಕ್ಸಾ 2014ರದ್ದು, ಭಾಷಾ ಮಾದರಿ ಹಾಕಿದ ಅಲೆಕ್ಸಾ ಪ್ಲಸ್ ಘೋಷಣೆಯಾಗಿದ್ದು 2025ರ ಫೆಬ್ರವರಿಯಲ್ಲಿ. ಆಪಲ್ 2024ರ ಜೂನ್‌ನಲ್ಲಿ ತೋರಿಸಿದ ಹೊಸ ಸಿರಿಯನ್ನು 2025ರ ಮಾರ್ಚ್‌ನಲ್ಲಿ ಮುಂದೂಡಿತು. ಮೊದಲು ಕಟ್ಟಿದ ರಚನೆ ಬೇಕಾದ ಗುಣಮಟ್ಟ ಮುಟ್ಟಲಿಲ್ಲ, ಎರಡನೇ ರಚನೆಗೆ ಹೋಗಬೇಕಾಯಿತು ಎಂದು ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ ಆಮೇಲೆ ವಿವರಿಸಿದರು. ಎರಡೂ ಕಡೆ ತೀರ್ಮಾನ ಆಗಿತ್ತು, ಹಣವಿತ್ತು.

ಹಳೇ ಸಹಾಯಕ ನಡೆಯುವುದು ಉದ್ದೇಶ ಮತ್ತು ಖಾಲಿಜಾಗದ ಲೆಕ್ಕದಲ್ಲಿ. 'ಅಡುಗೆಮನೆ ದೀಪ ಹಾಕು' ಅಂದರೆ ಉದ್ದೇಶ ದೀಪ, ಜಾಗ ಅಡುಗೆಮನೆ, ಕ್ರಿಯೆ ಹಾಕು. ನೂರು ಬಾರಿ ಹೇಳಿದರೆ ನೂರು ಬಾರಿಯೂ ಒಂದೇ ದಾರಿ. ಭಾಷಾ ಮಾದರಿ ಅದನ್ನೇ ಫಂಕ್ಷನ್ ಕರೆಯಾಗಿ ಮಾಡುವಾಗ ಒಮ್ಮೆ 'ಅಡುಗೆಮನೆ', ಇನ್ನೊಮ್ಮೆ 'ಅಡುಗೆ ಕೋಣೆ' ಎಂದು ಕಳಿಸಬಹುದು. ನೂರಕ್ಕೆ 98 ಸರಿಬಂದರೆ ಹೊಸ ಚಾಟ್‌ಬಾಟ್‌ಗೆ ಅದು ಹೆಮ್ಮೆಯ ಅಂಕ. ಹತ್ತು ವರ್ಷದಿಂದ ದೀಪ ಹಚ್ಚುತ್ತಿದ್ದ ಸಾಧನಕ್ಕೆ ಅದು ಹಿನ್ನಡೆ, ಬಳಕೆದಾರರು ವಾಪಸ್ ಕೊಡುತ್ತಾರೆ.

ಎರಡನ್ನೂ ಇಟ್ಟುಕೊಂಡು ನಡುವೆ ಒಂದು ವಿಂಗಡಕ ಹಾಕಬಹುದು: ಸರಳ ಆಜ್ಞೆ ಹಳೇ ದಾರಿಗೆ, ಉಳಿದದ್ದು ಮಾದರಿಗೆ. ಆಗ 'ದೀಪ ಹಾಕು, ಆಮೇಲೆ ಅಮ್ಮನಿಗೆ ಬರುವುದು ತಡ ಅಂತ ತಿಳಿಸು' ಎಂಬ ಮಾತು ಎರಡರ ನಡುವೆ ಬೀಳುತ್ತದೆ. ವಿಂಗಡಕಕ್ಕೆ 200 ಮಿಲಿಸೆಕೆಂಡ್ ಕೊಟ್ಟರೂ ದೀಪ ತಡವಾದಂತೆ ಅನಿಸುತ್ತದೆ. ಓಡುವ ಬಸ್ಸಿನ ಚಕ್ರ ಬದಲಿಸುವ ಕೆಲಸ ಇದು, ಸ್ಟಾರ್ಟಪ್‌ಗೆ ಬಸ್ಸೇ ಇಲ್ಲ.

ಕಟ್ಟೆಪುರಾಣ

ಒಪ್ಪಿದೆ ಮೇಡಂ. ಹಳೇ ನಡವಳಿಕೆಗೆ ಜನ ಒಗ್ಗಿರುವ ಕಡೆ ತೀರ್ಮಾನ ಒಂದೇ ಸಾಲದು.

ಕರಾವಳಿ_ಕರ್ನಲ್

ಕಚೇರಿ ಸಾಫ್ಟ್‌ವೇರ್‌ನಲ್ಲಿ ಇನ್ನೊಂದು ತೊಡಕಿದೆ, ಅನುಮತಿ. ಮೈಕ್ರೋಸಾಫ್ಟ್ 365 ಕೋಪೈಲಟ್ 2023ರ ನವೆಂಬರ್ 1ಕ್ಕೆ ಸೀಟಿಗೆ ತಿಂಗಳಿಗೆ 30 ಡಾಲರ್‌ನಂತೆ ಬಂತು. ಅದು ಬಳಕೆದಾರರಿಗೆ ಅನುಮತಿ ಇರುವ ಕಡತಗಳನ್ನಷ್ಟೇ ಓದುತ್ತದೆ. ಆದರೆ ಎಷ್ಟೋ ಸಂಸ್ಥೆಗಳಲ್ಲಿ ಶೇರ್‌ಪಾಯಿಂಟ್ ತಾಣವನ್ನು (ಕಡತ ಹಂಚಿಕೊಳ್ಳುವ ಜಾಗ) ಇಡೀ ಕಂಪನಿಗೆ ತೆರೆದು ಮರೆತಿರುತ್ತಾರೆ. ಸಂಬಳದ ಪಟ್ಟಿ ಯಾರೂ ತೆರೆಯದ ಫೋಲ್ಡರ್‌ನಲ್ಲಿದ್ದಾಗ ಯಾರಿಗೂ ಗೊತ್ತಾಗಲಿಲ್ಲ. ಈಗ ಕೇಳಿದರೆ ಉತ್ತರದಲ್ಲೇ ಬರುತ್ತದೆ. ದೋಷ ಕೋಪೈಲಟ್‌ನದಲ್ಲದಿದ್ದರೂ ಯೋಜನೆ ನಿಲ್ಲುವುದು ಅಲ್ಲೇ.

ಜಾರಿಗೆ ತರುವವರು ಈ ಕ್ರಮ ಹಿಡಿಯಿರಿ: ಮೊದಲು ಇಡೀ ಸಂಸ್ಥೆಗೆ ತೆರೆದಿರುವ ತಾಣಗಳ ವರದಿ ತೆಗೆಯಿರಿ. ಯಾರು ಬೇಕಾದರೂ ತೆರೆಯಬಹುದಾದ ಕೊಂಡಿಗಳಿಗೆ ಅವಧಿ ಹಾಕಿ. ಯಜಮಾನರೇ ಇಲ್ಲದ ತಾಣಗಳನ್ನು ಮುಚ್ಚಿ. ಸಂಬಳ, ಕಾನೂನು, ವಿಲೀನದ ಕಡತಗಳಿಗೆ ಸೂಕ್ಷ್ಮತೆಯ ಲೇಬಲ್ ಹಚ್ಚಿ. ಅಲ್ಲಿಯವರೆಗೆ ತಾತ್ಕಾಲಿಕವಾಗಿ ಆಯ್ದ ತಾಣಗಳಿಗಷ್ಟೇ ಹುಡುಕಾಟ ಸೀಮಿತಗೊಳಿಸುವ ವ್ಯವಸ್ಥೆ ಇದೆ, ಅದರ ಪಟ್ಟಿಗೆ ಗರಿಷ್ಠ 100 ತಾಣ. ಆಮೇಲೆ ಐವತ್ತು ಜನರ ತಂಡಕ್ಕೆ ಕೊಡಿ.

ಧಾರವಾಡದಾವ

ಅಮೆರಿಕಾದ್ದು ಆತ್ರಿ. ನಮ್ಮ ಬೆಂಗಳೂರಿನ ಸೇವಾ ಕಂಪನಿಗಳದು ಹೇಳ್ರಿ. 2015ರಾಗ ಓಪನ್‌ಎಐ ಶುರು ಆದಾಗ ದೇಣಿಗಿ ಕೊಡವ್ರ ಪಟ್ಟಿಯೊಳಗ ಇನ್ಫೋಸಿಸ್ ಹೆಸರೂ ಇತ್ತು. ಅಷ್ಟ ಮೊದಲ ಗೊತ್ತಿದ್ದೂ ಯಾಕ ಹಿಂಗಾತು?

ಲಾಗ್‌ಫೈಲ್

ಗೊತ್ತಿದ್ದರೂ ಒಪ್ಪಂದದ ಪತ್ರ ಬಿಡುವುದಿಲ್ಲ. ಸೇವಾ ಕಂಪನಿಯ ಬಹುಪಾಲು ಬಿಲ್ ತಲೆ ಲೆಕ್ಕ, ಗಂಟೆ ಲೆಕ್ಕ. ನೂರು ಜನ ಮಾಡುವ ಕೆಲಸವನ್ನು ಎಐ ಸೇರಿಸಿ ಎಂಬತ್ತು ಜನ ಮಾಡಿದರೆ ಬಿಲ್ ನೂರಕ್ಕೆ ಇಪ್ಪತ್ತು ಇಳಿಯುತ್ತದೆ. ಹೇಳದೆ ಸುಮ್ಮನಿದ್ದರೆ, ನವೀಕರಣದ ಹೊತ್ತಿಗೆ ಇನ್ನೊಬ್ಬ ಅದೇ ಎಂಬತ್ತರ ಬೆಲೆ ಹಿಡಿದು ಬರುತ್ತಾನೆ.

ಇದಕ್ಕಿಂತ ಆಳದ ಪೆಟ್ಟು ಪಿರಮಿಡ್‌ಗೆ, ಅಂದರೆ ಕೆಳಗೆ ಹೊಸಬರು ಹೆಚ್ಚು, ಮೇಲೆ ಅನುಭವಿಗಳು ಕಡಿಮೆ ಎಂಬ ರಚನೆಗೆ. ಲಾಭ ಬರುವುದು ಕೆಳಗಿನ ಪದರದಿಂದ: ಹೊಸದಾಗಿ ಸೇರಿದವರು ಬರೆಯುವ ಯೂನಿಟ್ ಟೆಸ್ಟ್, ಟಿಕೆಟ್ (ಗ್ರಾಹಕರು ದಾಖಲಿಸುವ ದೂರು, ಕೋರಿಕೆ) ವಿಂಗಡಣೆ, ಮೊದಲ ಹಂತದ ಸಪೋರ್ಟ್. ಎಐ ಮೊದಲು ಕಿತ್ತುಕೊಳ್ಳುವುದು ಇದನ್ನೇ. ಉಳಿಯುವುದು ಹೆಚ್ಚು ಸಂಬಳದ ಮೇಲಿನ ಪದರ. ಜೊತೆಗೆ ಗ್ರಾಹಕರ ಕೋಡ್ ಹೊರಗಿನ ಮಾದರಿಗೆ ಹೋಗಬಾರದು ಎಂಬ ಷರತ್ತು ಹಳೇ ಒಪ್ಪಂದಗಳಲ್ಲಿ ಇರುತ್ತದೆ, ಆದ್ದರಿಂದ ಒಬ್ಬೊಬ್ಬ ಗ್ರಾಹಕರಿಂದಲೂ ಪ್ರತ್ಯೇಕ ಒಪ್ಪಿಗೆ ಬೇಕು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು ನೂರಕ್ಕೆ ಎರಡರಷ್ಟು, ಹನ್ನೆರಡು ಸಾವಿರ ಚಿಲ್ಲರೆ ಹುದ್ದೆ ಕಡಿತ ಘೋಷಿಸಿತು. ಕಾರಣ ಎಐ ಅಲ್ಲ, ಕೌಶಲ ಹೊಂದಾಣಿಕೆಯ ಕೊರತೆ ಎಂದು ಅದರ ಮುಖ್ಯಸ್ಥರು ಹೇಳಿದರು. ಆ ಕಡಿತ ಹೆಚ್ಚಾಗಿ ತಟ್ಟಿದ್ದು ಮಧ್ಯಮ ಮತ್ತು ಮೇಲಿನ ಹಂತಕ್ಕೆ ಎಂಬುದನ್ನು ಮರೆಯಬಾರದು.

ಧಾರವಾಡದಾವ

ಗಂಟೆ ಲೆಕ್ಕ ಬಿಟ್ಟು ಟಿಕೆಟ್ ಲೆಕ್ಕಕ್ಕ ಹೋದ್ರ ಒಪ್ಪಂದದಾಗ ಏನೇನ್ ಬರೀಬೇಕ್ರಿ?

ಲಾಗ್‌ಫೈಲ್

ಒಪ್ಪಂದಕ್ಕೆ ಮುಂಚಿನ ಮೂರು ತಿಂಗಳ ಟಿಕೆಟ್ ಎಣಿಕೆ, ಅದೂ ಬಗೆಬಗೆಯಾಗಿ ವಿಂಗಡಿಸಿ. ಪಾಸ್‌ವರ್ಡ್ ಬದಲಾವಣೆಯನ್ನೂ ಡೇಟಾಬೇಸ್ ದೋಷವನ್ನೂ ಒಂದೇ ದರಕ್ಕೆ ಹಾಕಬೇಡಿ. ಮುಚ್ಚಿದ ಟಿಕೆಟ್ ಏಳು ದಿನದೊಳಗೆ ಮತ್ತೆ ತೆರೆದರೆ ಅದಕ್ಕೆ ಬಿಲ್ ಇಲ್ಲ ಎಂಬ ಸಾಲು ಹಾಕಿ, ಗ್ರಾಹಕರು ಹೇಗೂ ಕೇಳುತ್ತಾರೆ. ಟೋಕನ್ ಖರ್ಚು ಯಾರದು, ಟಿಕೆಟ್‌ಗೆ ಎಷ್ಟರ ಮೇಲೆ ಹೋದರೆ ಇಬ್ಬರೂ ಹಂಚಿಕೊಳ್ಳುವುದು ಎಂದು ಬರೆಯಿರಿ. ಮಾದರಿ ಪೂರೈಕೆದಾರರು ಹಳೇ ಆವೃತ್ತಿ ನಿಲ್ಲಿಸಿದರೆ ಹೊಸದಕ್ಕೆ ಹೋಗಲು ಗ್ರಾಹಕರು ಎಷ್ಟು ದಿನದಲ್ಲಿ ಒಪ್ಪಿಗೆ ಕೊಡಬೇಕು ಎನ್ನುವುದನ್ನೂ ನಮೂದಿಸಿ. ಹದಿನೈದು ದಿನ ಅಂತ ಹಾಕಿ, ಪ್ರತಿಕ್ರಿಯೆ ಬರದಿದ್ದರೆ ಒಪ್ಪಿಗೆ ಎಂದೇ ಭಾವಿಸುವ ಸಾಲು ಸೇರಿಸಿ. ಅದಿಲ್ಲದಿದ್ದರೆ ಸಂಜೆಮಲ್ಲಿಗೆ ಮೇಡಂ ಹೇಳಿದ ಸರದಿಯಲ್ಲಿ ನೀವೂ ನಿಲ್ಲಬೇಕಾಗುತ್ತದೆ, ಅದೂ ಗ್ರಾಹಕರ ಕಚೇರಿಯ ಸರದಿಯಲ್ಲಿ.